ಕಾಡಿನ ಎಣ್ಣೆ

ಮೊದಲೇ ಹೇಳಿಬಿಡ್ತೇನೆ, ಇದರಲ್ಲಿ ಬರೋ ಹೆಸರುಗಳೆಲ್ಲ ಬದಲಿಸಿದ್ದು. ನನ್ನದೂ ಸೇರಿ. ಪರಿಮಳಾ ಅಂತ ಕೇಳ್ಕೊಂಡು ಶಿರಸಿಯ ಓಣಿ ಓಣಿ ತಿರುಗಬೇಡಿ, ಸಿಗೋದಿಲ್ಲ. ಸಿಕ್ಕಿದರೂ ಬಾಗಿಲು ತೆಗೆಯೋದಿಲ್ಲ. ನನ್ನ ಬಾಯಿ ಎಂಥದ್ದು ಅಂತ ನಮ್ಮ ಓಣಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎದುರಿನವರು ಒಂದು ಮಾತು ಶುರು ಮಾಡಿದರೆ ಅದನ್ನ ನಾನೇ ಮುಗಿಸಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಸಿಟ್ಟನ್ನೂ ಮಾಡ್ಕೊಂಡು ಆಗಿರ್ತದೆ. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರಂತೆ. ನಮ್ಮ ಮನೆಗೆ ಬರಗಾಲ ಬಂದಿದ್ದೇ ನನ್ನ ಬಾಯಿಂದ.

ನನ್ನ ಗಂಡ ನಾಗಪತಿ ಭಟ್ಟರು ಅಡಿಗೆಯವರು. ಮದುವೆ ಮುಂಜಿ ಅಡಿಗೆಗೆ ಹೋಗೋರು ಬೇಕಾದಷ್ಟು ಜನ ಇದ್ದಾರೆ. ಇವರದ್ದು ತಿಥಿ ಅಡಿಗೆ. ಸತ್ತುಹೋದ ಅಪ್ಪ, ಆಯಿಗೆ ವರ್ಷಕ್ಕೊಂದು ದಿನ ಎಡೆ ಇಡ್ತೇವಲ್ಲ, ಆ ದಿನದ್ದು. ಮಡಿ ಉಟ್ಟು ಮಾಡಬೇಕು. ಪಿಂಡ ಇಡೋವರೆಗೆ ಒಂದು ಹನಿ ನಾಲಿಗೆಗೆ ತಾಗಿಸೋ ಹಾಗಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಮೂಗಿನಲ್ಲೇ ಅಂದಾಜು. ಇವರು ಸಾರಿನ ಹಬೆ ಮೂಸಿ "ಉಪ್ಪು ಒಂದು ಚಿಟಿಕೆ ಬೇಕು" ಅಂದರೆ ಸರಿಯಾಗಿ ಒಂದು ಚಿಟಿಕೆಯೇ ಬೇಕಾಗಿರ್ತಿತ್ತು. ನಮ್ಮಲ್ಲಿ ನಂಬಿಕೆ ಏನಂದರೆ, ಹೋದವರು ಆ ಒಂದು ದಿನ ಬಂದು ಉಣ್ತಾರೆ. ಅಡಿಗೆ ಮಾಡಿದ ಕೈ ಶುದ್ಧ ಇಲ್ಲದಿದ್ದರೆ ಎಡೆ ಮುಟ್ಟದೇ ಎದ್ದು ಹೋಗ್ತಾರೆ, ಮತ್ತೆ ಇಡೀ ವರ್ಷ ಹಸಿದುಕೊಂಡೇ ಇರ್ತಾರೆ. ಅದಕ್ಕೇ ಬಿಳಗಿಯಿಂದ ಉಮ್ಮಚಗಿಯವರೆಗೆ ದೊಡ್ಡ ದೊಡ್ಡ ಮನೆಯವರು ತಿಥಿ ಬಂತು ಅಂದರೆ ಮೊದಲು ಇವರನ್ನ ಕೇಳಿ ಆಮೇಲೆ ಪುರೋಹಿತರನ್ನ ಕೇಳ್ತಿದ್ದರು. ನಮ್ಮದು ಬಾಡಿಗೆ ಮನೆ, ತೋಟ ಇಲ್ಲ, ಗದ್ದೆ ಇಲ್ಲ. ಇದ್ದ ಆಸ್ತಿ ಇವರ ಹೆಸರು ಒಂದೇ.

ಆದರೆ ತಿಥಿ ಅಡಿಗೆಯವನ ಹೊಟ್ಟೆಗೆ ಹೊತ್ತು ಗೊತ್ತು ಉಂಟಾ? ಬೆಳಗಿನ ಜಾವಕ್ಕೆ ಒಲೆ ಮುಂದೆ ಕೂತರೆ ಸೂರ್ಯನ ಮುಖ ಕಾಣೋದಿಲ್ಲ. ಉಣ್ಣೋದು ಸಂಜೆ ನಾಲ್ಕು ಗಂಟೆಗೆ. ಹಸಿದ ಹೊಟ್ಟೆಗೆ ಅನ್ನ, ವಡೆ, ಪಾಯಸ, ಮೇಲೆ ನಾಲ್ಕು ಸಿಹಿ ಸುಕ್ಕಿನುಂಡೆ. ಮನೆಗೆ ಬರೋವಾಗ ಮತ್ತೊಂದಿಷ್ಟು ಕಟ್ಟಿ ಕೊಟ್ಟಿರ್ತಾರೆ. ತಿಂದು ಮಲಗೋದು. ನಲವತ್ತೆಂಟಕ್ಕೆ ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ನಾನೂ "ಗಂಡಸಿಗೆ ಸ್ವಲ್ಪ ಹೊಟ್ಟೆ ಇದ್ದರೇ ಚಂದ" ಅಂತ ಮೆರೆಯುತ್ತಿದ್ದೆ.

ಎರಡು ಸಾವಿರದ ಆರನೇ ಇಸವಿ, ಬೇಸಿಗೆ. ಉಮ್ಮಚಗಿಯ ಒಂದು ಮನೆಯಲ್ಲಿ ಕೊಪ್ಪರಿಗೆ ಇಳಿಸೋವಾಗ ಇವರಿಗೆ ಕಾಲು ಜೋಮು ಹಿಡಿದು ಅಲ್ಲೇ ಕೂತುಬಿಟ್ಟರು. ಸುಮಾರು ದಿನದಿಂದ ಪಾದದಲ್ಲಿ ಇರುವೆ ಹರಿದ ಹಾಗೆ ಆಗ್ತಿತ್ತಂತೆ, ಸುಸ್ತು ಅಂತೆ, ನನಗೆ ಹೇಳಿರಲಿಲ್ಲ. ಹೇಳಿದರೆ ನಾನು ಬೈತೇನೆ ಅಂತ. ಶಿರಸಿಯಲ್ಲಿ ವಿನೋದಾ ಡಾಕ್ಟ್ರ ಹತ್ತಿರ ಕರ್ಕೊಂಡು ಹೋದೆ. ಹಾವೇರಿ ಕಡೆಯವರು, ಜೋರು ದನಿ, ಒಳ್ಳೆ ಮನುಷ್ಯರು. ರಕ್ತ ಹುಬ್ಬಳ್ಳಿಗೆ ಕಳಿಸಿದರು, ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರು. ವಾರ ಬಿಟ್ಟು ಹೋದಾಗ ಕಾಗದ ನೋಡಿ ಅವರು ಕೇಳಿದ ಮೊದಲನೇ ಮಾತು:

"ಭಟ್ಟರ, ಕುಡೀತೀರೇನು?"

ನನಗೆ ಮೈಯೆಲ್ಲ ಉರಿದುಹೋಯ್ತು. "ಯಾರಿಗೆ ಹೇಳ್ತಿದ್ದೀರಿ? ಇವರು ಚಾ ಕುಡಿಯೋದೂ ದೇವರ ಪೂಜೆ ಆದಮೇಲೆ!"

"ಸಿಟ್ಟು ಬ್ಯಾಡ್ರಿ ಅಮ್ಮಾರ, ಕೇಳಬೇಕಾಗ್ತದ. ಕುಡಿಯದವರಿಗೂ ಬರ್ತದ ಇದು. ಲಿವರ್ ಒಳಗ ಕೊಬ್ಬು ತುಂಬೇದ. ಅದರ ಜೊತಿಗೆ ವಿಟಮಿನ್ ಬಿ-ಟ್ವೆಲ್ವ್ ಭಾಳ ಕಡಿಮಿ, ವಿಟಮಿನ್ ಡಿ ಕಡಿಮಿ. ಕಾಲು ಜೋಮು ಹಿಡಿಯೋದು ಬಿ-ಟ್ವೆಲ್ವ್ ಕಡಿಮಿ ಆಗಿ. ಇವು ಕಡಿಮಿ ಇದ್ದವರೊಳಗ ಲಿವರ್ ಕೊಬ್ಬು ಜಾಸ್ತಿ ಕಾಣಸ್ತದಂತ ಕೆಲವರು ಹೇಳ್ತಾರ. ಯಾವುದರಿಂದ ಯಾವುದು ಅಂತ ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ಕೊರತಿ ಇದ್ದದ್ದನ್ನ ತುಂಬೋಣು. ಆದರ ವಿಟಮಿನ್ ನುಂಗಿದ ಕೂಡ್ಲೆ ಲಿವರ್ ಸುಧಾರಿಸ್ತದ ಅಂತ ತಿಳೀಬ್ಯಾಡ್ರಿ. ಸಿಹಿ ಬಿಡಬೇಕು, ಅನ್ನ ಕಡಿಮಿ ಮಾಡಬೇಕು, ದಿನಾ ಬಿಸಿಲಾಗ ಒಂದು ತಾಸು ನಡೀಬೇಕು. ಔಷಧ ಅಂದರ ಅದು."

ಇಷ್ಟನ್ನೂ ಅವರು ಹೇಳಿದ್ದರು ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಇವರ ಬಾಯಿಂದ. ನನ್ನ ಕಿವಿಗೆ ಬಿದ್ದಿದ್ದು ಎರಡೇ ಶಬ್ದ. ಲಿವರ್. ವಿಟಮಿನ್. ಉಳಿದ ಹೊತ್ತೆಲ್ಲ ನಾನು ಮನಸ್ಸಿನಲ್ಲಿ ಡಾಕ್ಟ್ರ ಹತ್ತಿರ ಜಗಳ ಆಡ್ತಾ ಇದ್ದೆ.

ಹೊರಗೆ ಬೆಂಚಿನ ಮೇಲೆ ಹಾಲಿನ ಕೆರಿಯಪ್ಪ ಕೂತಿದ್ದ. ಡಾಕ್ಟ್ರ ದನಿ ಜೋರು ಅಂದೆನಲ್ಲ. ಕೆರಿಯಪ್ಪ ದಿನಕ್ಕೆ ಅರವತ್ತು ಮನೆಗೆ ಹಾಲು ಹಾಕೋನು. ಹಾಲಿನ ಜೊತೆ ನಮ್ಮ ಸುದ್ದಿಯನ್ನೂ ಅಳೆದು ಹಾಕಿದ. "ಭಟ್ಟರಿಗೆ ಲಿವರ್ ಹೋಗಿದೆಯಂತೆ. ಕುಡೀತೀರಾ ಅಂತ ಡಾಕ್ಟ್ರೇ ಕೇಳಿದ್ರು." ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಆಡ್ತಾರೆ ಅಂತಾರೆ. ಇವರು ಯಾವ ಮರದ ಕೆಳಗೂ ಕೂತವರಲ್ಲ. ಆದರೆ ನಮ್ಮೂರ ಕಡೆ ಲಿವರ್ ಅನ್ನೋ ಇಂಗ್ಲಿಷ್ ಶಬ್ದ ಬಂದಿದ್ದೇ ಕುಡುಕರ ಜೊತೆಗೆ. ಯಾರೋ ಕುಡಿದು ಕುಡಿದು ಸತ್ತರೆ "ಲಿವರ್ ಆಗಿತ್ತು" ಅಂತಾರೆ. ಕುಡಿಯದೇ ಲಿವರ್ ಕೆಡ್ತದೆ ಅಂದರೆ ಯಾರು ನಂಬ್ತಾರೆ?

ಎರಡು ತಿಂಗಳಲ್ಲಿ ಐದು ಮನೆಯವರು ಬೇಡ ಅಂದರು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. "ಈ ಸಲ ಸಣ್ಣಕ್ಕೆ ಮಾಡ್ತೇವೆ ಭಟ್ರೇ" ಅಂದರು. ಇವರು ಜಗಲಿಯ ಕಂಬಕ್ಕೆ ಒರಗಿ ಕೂತಿರ್ತಿದ್ದರು, ಸುಮ್ಮನೆ. ಅದನ್ನ ನೋಡಿದರೆ ನನಗೆ ಊರಿಗೇ ಬೆಂಕಿ ಹಚ್ಚೋಣ ಅನ್ನಿಸ್ತಿತ್ತು. ಹೇಗಾದರೂ ಸರಿ, ಈ ಲಿವರ್ ಬೇಗ ಸರಿಯಾಗಬೇಕು, ಸ್ಕ್ಯಾನಿಂಗ್ ಕಾಗದ ತಂದು ಒಬ್ಬೊಬ್ಬರ ಮುಖಕ್ಕೂ ಹಿಡೀಬೇಕು ಅಂತ ಹಟ ಬಂತು. ಡಾಕ್ಟ್ರು ಹೇಳಿದ ಬಿ-ಟ್ವೆಲ್ವ್‌ನ ಕೆಂಪು ಇಂಜೆಕ್ಷನ್ ಐದು ಕೊಡಿಸಿದೆವು. ಕಾಲು ಜೋಮು ಕಡಿಮೆ ಆಯ್ತು, ಅಲ್ಲಿಗೆ ಬಿಟ್ಟೆವು. ನಡೆಯೋದು ಎಲ್ಲಿಗೆ? ರಸ್ತೆಗೆ ಇಳಿದರೆ ಜನ ನೋಡ್ತಾರೆ ಅಂತ ಇವರು ಹೊರಗೇ ಹೋಗ್ತಿರಲಿಲ್ಲ.

ಆಗ ನನ್ನ ಕಣ್ಣಿಗೆ ಬಿತ್ತು ನೋಡಿ, ಸಕೀನಾಳ ಶೋಕೇಸು.

ಸಕೀನಾ ಎದುರು ಮನೆಯವಳು. ಅವಳ ಗಂಡ ಮುಕ್ತಾರ್ ಮೆಟಡೋರ್ ಓಡಿಸ್ತಿದ್ದ, ಇವರ ಪಾತ್ರೆ, ಕೊಪ್ಪರಿಗೆ ಎಲ್ಲ ಹತ್ತು ವರ್ಷದಿಂದ ಹೋಗೋದು ಬರೋದು ಅದರಲ್ಲೇ. ನಾನೂ ಅವಳೂ ಅಕ್ಕ ತಂಗಿ ಇದ್ದ ಹಾಗೆ, ಅಂದರೆ ನಾನು ಬಯ್ಯೋದು, ಅವಳು ನಗೋದು. ಅವಳ ಶೋಕೇಸಿನಲ್ಲಿ ಒಂದು ದಪ್ಪ ಬಾಟ್ಲಿ. ಒಳಗೆ ಜೇನಿನ ಬಣ್ಣದ ಮಾತ್ರೆ, ಬೆಳಕಿಗೆ ಹಿಡಿದರೆ ಆಚೆ ಕಾಣೋ ಹಾಗೆ.

"ಇದೆಂತದೇ ಸಕೀನಾ?"

"ಅದಾ? ನನ್ನ ತಮ್ಮ ಫರಾಜ್ ದುಬೈಯಿಂದ ತಂದದ್ದು ಪರಿಮಳಕ್ಕ. ವಿಟಮಿನ್. ತಾಕತ್ತಿಗೆ."

ನಾನು ಏಳನೇ ಇಯತ್ತೆ ಪಾಸಾದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದ್ತೇನೆ. ಬಾಟ್ಲಿಯ ಒಂದು ಬದಿ ಅರಬ್ಬೀ, ಇನ್ನೊಂದು ಬದಿ ಇಂಗ್ಲಿಷು. ಸಿ, ಓ, ಡಿ. ಕಾಡ್. ಆಮೇಲೆ ಲಿವರ್. ಆಮೇಲೆ ಆಯಿಲ್. ಕೆಳಗೆ ವಿಟಮಿನ್ ಎ, ವಿಟಮಿನ್ ಡಿ. ಕಾಡಿನ ಎಣ್ಣೆ, ಲಿವರ್‌ಗೆ! ಯಾವುದೋ ಕಾಡಿನ ಬೇರಿನಿಂದ ತೆಗೆದದ್ದು, ಅದರಲ್ಲೇ ವಿಟಮಿನ್ನೂ ಉಂಟು. ನಮ್ಮ ದೇವರೇ ತಂದು ಇಟ್ಟ ಹಾಗೆ ಅನ್ನಿಸಿತು. ದುಬೈಯಲ್ಲಿ ಕಾಡು ಎಲ್ಲಿಂದ ಬಂತು ಅಂತ ಒಂದು ಸಲ, ಒಂದೇ ಒಂದು ಸಲ ಯೋಚನೆ ಬರಲಿಲ್ಲ ನೋಡಿ ಈ ಮಂಡೆಗೆ!

"ಇದನ್ನ ನನಗೆ ಕೊಡು. ನಮ್ಮವರಿಗೆ ಬೇಕು."

ಸಕೀನಾಳ ಮುಖ ಒಂಥರಾ ಆಯ್ತು. "ಪರಿಮಳಕ್ಕ, ಇದು ನಿಮ್ಮವರಿಗೆ ಆಗೋದಿಲ್ಲ. ಇದು..."

"ಯಾಕೆ ಆಗೋದಿಲ್ಲ? ನಿಮ್ಮವರಿಗೆ ಆಗ್ತದೆ, ನಮ್ಮವರಿಗೆ ಆಗೋದಿಲ್ವಾ? ಲಿವರ್‌ಗೂ ಜಾತಿ ಉಂಟಾ?"

"ಹಾಗಲ್ಲ ಅಕ್ಕ, ಕೇಳಿ ಇಲ್ಲಿ. ಇದರ ಒಳಗೆ..."

"ಕೇಳೋದೆಂತ! ಕೊಡೋ ಮನಸ್ಸಿಲ್ಲ ಅಂತ ಹೇಳು ಸಕೀನಾ. ನಿನಗೆ ಶಾಜಿಯಾ ಹುಟ್ಟಿದಾಗ ಹದಿನೈದು ದಿನ ಗಂಜಿ ಕಾಯಿಸಿ ತಂದು ಕೊಟ್ಟವಳು ನಾನು. ಅವರ ಪ್ರಾಣ ಹೋಗ್ತಾ ಉಂಟು, ನೀನು ಒಂದು ಬಾಟ್ಲಿಗೆ ಲೆಕ್ಕ ಹಾಕ್ತೀಯಾ?"

ಅವಳ ಕಣ್ಣಲ್ಲಿ ನೀರು ಬಂತು. ಬಾಟ್ಲಿ ತೆಗೆದು ನನ್ನ ಕೈಯಲ್ಲಿ ಇಟ್ಟಳು. "ತಗೊಳ್ಳಿ ಅಕ್ಕ. ದಿನಕ್ಕೆ ಒಂದೇ" ಅಂದಳು. ನಾನು ಆಗಲೇ ಮೆಟ್ಟಿಲು ಇಳಿದಿದ್ದೆ.

ದಿನಕ್ಕೆ ಒಂದು ಯಾವ ಮೂಲೆಗೆ? ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ರಾತ್ರಿ ಮೂರು ಕೊಟ್ಟೆ. ಇವರು ಮೊದಲನೇ ವಾರವೇ ಹೇಳಿದರು, "ಪರಿಮಳಾ, ಇದು ತೇಗು ಬಂದ್ರೆ ಒಂಥರಾ ವಾಸನೆ. ಮೀನುಪೇಟೆ ಬದಿಗೆ ಹೋದಾಂಗೆ ಆಗ್ತು."

"ಕಾಡಿನ ಬೇರು ಕೊಳೆಸಿ ಮಾಡಿದ ಎಣ್ಣೆ, ಮತ್ತೆಂತ ಮಲ್ಲಿಗೆ ವಾಸನೆ ಬತ್ತಾ? ಔಷಧಿ ಅಂದ್ರೆ ಹಾಂಗೇಯ. ನುಂಗಿ ಸುಮ್ನೆ" ಅಂದೆ. ನುಂಗಿದರು. ಇಪ್ಪತ್ತೈದು ವರ್ಷದಲ್ಲಿ ನಾನು ಬಡಿಸಿದ್ದನ್ನ ಅವರು ಒಂದು ದಿನವೂ ಬೇಡ ಅಂದವರಲ್ಲ. ದುಬೈಯಿಂದ ಫರಾಜನ ಜೊತೆಯವರು ಯಾರೇ ಬರಲಿ, ನಾನು ಸಕೀನಾಳ ಹತ್ತಿರ ಕಾಡಿ ಬೇಡಿ ಮತ್ತೊಂದು ಬಾಟ್ಲಿ ತರಿಸ್ತಿದ್ದೆ.

ಅಷ್ಟರಲ್ಲಿ ಬಿಳಗಿಯ ರಘುಪತಿ ಹೆಗಡೇರು ನಮ್ಮ ಮನೆಗೆ ಬಂದರು. ಆ ಸೀಮೆಯಲ್ಲಿ ಅವರ ಮಾತಿಗೆ ಎದುರಿಲ್ಲ. "ನಾಗಪತಿ ಕುಡೀತ ಹೇಳಿ ಯಾರಾದ್ರೂ ಯನ್ನ ಎದುರು ಬಂದು ಹೇಳ್ಲಿ ನೋಡ್ವ. ಯನ್ನ ಆಯಿ ಮೊದಲನೇ ವರ್ಷದ ತಿಥಿ. ನೀನೇ ಮಾಡವು" ಅಂದರು. ಅವರ ಆಯಿ ತೊಂಬತ್ತೊಂದು ವರ್ಷದ ಮುದುಕಿ, ಕೊನೆಯ ಮೂರು ತಿಂಗಳು ಗಂಟಲಲ್ಲಿ ಅನ್ನ ಇಳಿಯದೇ ಹಸಿದುಕೊಂಡೇ ಹೋಗಿದ್ದಳು. ಆ ಒಂದು ಸಂಕಟ ಹೆಗಡೇರಿಗೆ. ತಿಥಿ ದಿನ ಕಾಗೆ ಬಂದು ಎಡೆ ಮುಟ್ಟಿದಾಗ ಅಷ್ಟು ದೊಡ್ಡ ಮನುಷ್ಯ ಮಕ್ಕಳ ಹಾಗೆ ಅತ್ತರಂತೆ. "ಆಯಿ ಉಂಡ್ತು ನಾಗಪತಿ, ಹೊಟ್ಟೆ ತುಂಬ ಉಂಡ್ತು" ಅಂತ ಇವರ ಕೈ ಹಿಡ್ಕೊಂಡರಂತೆ. ಹೆಗಡೇರು ಕರೆದರು ಅಂದಮೇಲೆ ಉಳಿದವರೂ ಕರೆಯಲಿಕ್ಕೆ ಶುರು ಮಾಡಿದರು. ಇವರ ಮುಖದಲ್ಲಿ ನಗು ಬಂತು. ನಾನು ಓಣಿಯಲ್ಲಿ ಎದೆ ಸೆಟೆಸಿ ನಡೆದೆ. ಎಲ್ಲ ಕಾಡಿನ ಎಣ್ಣೆಯ ಪ್ರತಾಪ ಅಂತ ತಿಳ್ಕೊಂಡೆ.

ಆ ಮಾತ್ರೆ ಶುರು ಮಾಡಿ ಎಂಟನೇ ತಿಂಗಳಿಗೆ ಇವರ ತುಟಿ ಒಡೆದು ರಕ್ತ ಬರ್ಲಿಕ್ಕೆ ಶುರು ಆಯ್ತು. ಅಂಗೈ ಸಿಪ್ಪೆ ಏಳ್ತಿತ್ತು. ತಲೆನೋವು. ಕೂದಲು ಕೈಗೆ ಬರ್ತಿತ್ತು. ಚಳಿಗಾಲದ ಒಡಕು ಅಂತ ಕೊಬ್ಬರಿ ಎಣ್ಣೆ ಹಚ್ಚಿದೆ. ಒಂದು ದಿನ ಬಿಸಿಲಿಗೆ ನಿಂತಾಗ ನೋಡ್ತೇನೆ, ಕಣ್ಣಿನ ಬಿಳಿ ಗುಡ್ಡೆ ಹಳದಿ ಆಗಿದೆ.

ಮತ್ತೆ ವಿನೋದಾ ಡಾಕ್ಟ್ರು. ರಕ್ತದ ಕಾಗದ ನೋಡಿ ಅವರ ಮುಖ ಸಣ್ಣ ಆಯ್ತು. "ಭಟ್ಟರ, ರಕ್ತದೊಳಗ ಲಿವರ್‌ನ ಅಂಕಿ ಹೋದ ಸಲಕ್ಕಿಂತ ನಾಲ್ಕು ಪಟ್ಟು ಹೆಚ್ಚಾಗೇದ. ಲಿವರ್ ಬಾತುಕೊಂಡೇದ. ಈಗ ಖರೇ ಹೇಳ್ರಿ. ಕುಡೀತೀರಿ, ಹೌದಲ್ಲೋ?"

ಇವರು ಜನಿವಾರ ಹಿಡಿದು "ಇಲ್ಲ ಡಾಕ್ಟ್ರೇ, ಖಂಡಿತ ಇಲ್ಲ" ಅಂದರು. ಡಾಕ್ಟ್ರು ನಂಬಲಿಲ್ಲ, ಕಣ್ಣಲ್ಲೇ ಗೊತ್ತಾಯ್ತು. ಇವರನ್ನ ಇನ್ನೊಂದು ಸಲ ರಕ್ತ ಕೊಡಲಿಕ್ಕೆ ಆಚೆ ಕೋಣೆಗೆ ಕಳಿಸಿ, ಬಾಗಿಲು ಹಾಕಿ ನನ್ನನ್ನ ಕೂರಿಸಿಕೊಂಡರು. "ಅಮ್ಮಾರ, ಬ್ಯಾರೆ ಏನರ ಔಷಧ ಕೊಡಾಕತ್ತೀರೇನು? ಗಿಡಮೂಲಿಕೆ, ಕಷಾಯ, ಏನರ?"

ನಾನು ಜಂಬದಿಂದ ಚೀಲದೊಳಗಿನ ಬಾಟ್ಲಿ ತೆಗೆದು ಮೇಜಿನ ಮೇಲೆ ಇಟ್ಟೆ. "ಕಾಡಿನ ಎಣ್ಣೆ. ಲಿವರ್‌ಗೇ ಅಂತ ಮಾಡಿದ್ದು. ಬರೆದಿದ್ದಾರಲ್ಲ ನೋಡಿ."

ಅವರು ಬಾಟ್ಲಿ ತಿರುಗಿಸಿ ನೋಡಿದರು. "ದಿನಕ್ಕ ಎಷ್ಟು?"

"ಒಂಬತ್ತು."

"ಎಷ್ಟು ದಿವಸದಿಂದ?"

"ಎಂಟು ತಿಂಗಳು."

ಡಾಕ್ಟ್ರು ಕನ್ನಡಕ ತೆಗೆದು ಇಟ್ಟರು. "ಅಮ್ಮಾರ, ಇದು ಕಾಡು ಅಲ್ಲ. ಕಾಡ್ ಅಂದರ ಒಂದು ಮೀನು. ಸಮುದ್ರದ ಮೀನು. ಆ ಮೀನಿನ ಲಿವರ್ ಹಿಂಡಿ ತೆಗೆದ ಎಣ್ಣಿ ಇದು. ಇದರೊಳಗ ವಿಟಮಿನ್ ಎ ಜಾಸ್ತಿ ಇರ್ತದ, ಅದೂ ಇದು ಜೋರಿನ ಮಾಲು. ನಿಮ್ಮ ಯಜಮಾನರಿಗೆ ವಿಟಮಿನ್ ಎ ಕಡಿಮಿ ಇರಲೇ ಇಲ್ಲ. ಅತಿ ಆದರ ಅದು ಹೊರಗ ಹೋಗೂದಿಲ್ಲ, ಲಿವರ್‌ನಾಗ ಕೂಡ್ತದ. ಮೊದಲ ಕೊಬ್ಬು ತುಂಬಿದ ಲಿವರ್, ಅದರ ಮ್ಯಾಲೆ ಈ ವಿಷ. ಇವತ್ತೇ ನಿಲ್ಲಸ್ರಿ. ನಿಲ್ಲಿಸಿದರ ಸುಧಾರಿಸ್ತಾರ. ಇಲ್ಲಂದರ ಉಳಿಯೂದಿಲ್ಲ."

ನನಗೆ ಆಮೇಲಿನ ಮಾತು ಕೇಳಲಿಲ್ಲ. ಮೀನು ಅನ್ನೋ ಶಬ್ದ ಒಂದೇ ಕಿವಿಯಲ್ಲಿ. ಎಂಟು ತಿಂಗಳು, ದಿನಕ್ಕೆ ಒಂಬತ್ತರ ಹಾಗೆ, ನನ್ನ ಕೈಯಿಂದ ನಾನೇ ಅವರ ಬಾಯಿಗೆ ಮೀನು ಹಾಕಿದ್ದೆ. ಅದೇ ಮೈಯಲ್ಲಿ ಅವರು ಮಡಿ ಉಟ್ಟು ಊರಿನವರ ಅಪ್ಪ ಆಯಿಯರಿಗೆ ಬೇಯಿಸಿ ಬಡಿಸಿದ್ದರು. ಅಯ್ಯೋ ದೇವರೇ, ಈ ಬಾಯಿಗೆ ಹುಳ ಬೀಳಲಿ.

ಮನೆಗೆ ಬಂದವಳೇ ಸಕೀನಾಳ ಅಡಿಗೆಮನೆಗೆ ನುಗ್ಗಿ ಅವಳ ಮೇಲೆ ಹರಿಹಾಯ್ದೆ. "ಮೀನಿನ ಎಣ್ಣೆ ಅಂತ ಯಾಕೆ ಹೇಳಲಿಲ್ಲ? ನನ್ನ ಮನೆ ಹಾಳು ಮಾಡಿದೆಯಲ್ಲೇ!"

ಯಾವತ್ತೂ ಎದುರು ಮಾತಾಡದ ಸಕೀನಾ ಆ ದಿನ ಆಡಿದಳು. "ಹೇಳಲಿಲ್ವಾ? ಅವತ್ತು ಎರಡು ಸಲ ಬಾಯಿ ತೆಗೆದೆ. ಆಮೇಲೆ ನೀರಿನ ಟ್ಯಾಂಕಿನ ಹತ್ತಿರ ಒಂದು ಸಲ. ನೀವು ಬಿಟ್ರಾ ಅಕ್ಕ? ನಾನು ಜಿಪುಣಿ ಅಂದ್ರಿ, ಜಾತಿ ಮಾಡ್ತೀಯ ಅಂದ್ರಿ. ಆಮೇಲೆ ನೀವೇ ಬಂದು ಬಂದು ತಗೊಂಡು ಹೋದ್ರಿ. ಬಾಟ್ಲಿ ಮೇಲೆ ಬರೆದಿದೆಯಲ್ಲ, ಓದಿದ್ದಾರೆ, ಔಷಧಿಗೆ ದೋಷ ಇಲ್ಲ ಅಂತ ಕೊಡ್ತಿರಬೇಕು ಅಂದ್ಕೊಂಡೆ. ಅಲ್ಲಾ ಕಸಮ್, ಭಟ್ರಿಗೆ ನಾನು ಕೆಟ್ಟದ್ದು ಬಯಸ್ತೇನಾ?" ಅಂತ ಅತ್ತಳು. ಸತ್ಯ ಇತ್ತು ಅವಳ ಮಾತಿನಲ್ಲಿ.

ಇವರಿಗೆ ಹೇಳದೇ ಇರಬಹುದಿತ್ತು. ಬಾಟ್ಲಿ ಬಚ್ಚಲು ಒಲೆಗೆ ಹಾಕಿದ್ದರೆ ಮುಗೀತಿತ್ತು. ಆದರೆ ಬರೋ ಸೋಮವಾರ ಬಿಳಗಿಯಲ್ಲಿ ಹೆಗಡೇರ ಅಪ್ಪನ ತಿಥಿ ಇತ್ತು. ಇವರು ಆಗಲೇ ಮಡಿ ಪಂಚೆ ಒಗೆದು ಹಾಕಿದ್ದರು. ಕಣ್ಣು ಹಳದಿ ಇಟ್ಟುಕೊಂಡು "ಒಂದು ದಿನದ ಕೆಲಸ, ಹೋಗಿ ಬತ್ತೆ" ಅನ್ನುತ್ತಿದ್ದರು. ಮತ್ತೊಂದು ಮನೆ ಕೆಡಿಸಲಿಕ್ಕೆ ನನಗೆ ಧೈರ್ಯ ಸಾಲಲಿಲ್ಲ. ಮರುದಿನ ಬೆಳಿಗ್ಗೆ ಆಸರಿಗೆ ಚಾ ಕೊಟ್ಟು, ಎದುರು ಕೂತು, ಎಲ್ಲ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಎದ್ದು ಹಿತ್ತಲಿನ ನಲ್ಲಿ ಹತ್ತಿರ ಹೋಗಿ ಬಾಯಿ ತೊಳೆದರು. ತೊಳೆದೇ ತೊಳೆದರು. ನಾನು ಬಾಗಿಲಲ್ಲಿ ನಿಂತು ಅಳ್ತಿದ್ದೆ. ಬಂದು ಕೂತು ಬೆರಳು ಮಡಚಿ ಎಣಿಸಿದರು, ಒಂದೊಂದು ಮನೆಯ ಹೆಸರು ಹೇಳಿ, ಆ ಮನೆಯಲ್ಲಿ ಯಾರ ತಿಥಿ ಅಂತ ಹೇಳಿ.

"ಇಪ್ಪತ್ತೆಂಟು" ಅಂದರು. ಮಡಚಿದ ಬೆರಳು ಬಿಡಿಸುತ್ತ ಅಂದರು, "ತೇಗು ಬಂದಾಗೆಲ್ಲ ಯನ್ನ ಮೂಗು ಹೇಳ್ತಿತ್ತು. ಆನು ಮೂಗಿಗಿಂತ ಹೆಚ್ಚು ನಿನ್ನ ನಂಬಿದಿ."

ಅವರು ನನಗೆ ಎರಡು ಹೊಡೆದಿದ್ದರೆ ಇಷ್ಟು ನೋವು ಆಗ್ತಿರಲಿಲ್ಲ.

ಅದೇ ದಿನ ಮಧ್ಯಾಹ್ನ ರಘುಪತಿ ಹೆಗಡೇರ ಜೀಪು ಓಣಿಯಲ್ಲಿ ನಿಂತಿತು. ಡಾಕ್ಟ್ರು ಮತ್ತೆ ಕುಡಿತದ ಮಾತು ಎತ್ತಿದ್ದರು ಅಂತ ಆಸ್ಪತ್ರೆಯ ಬೆಂಚಿನ ಸುದ್ದಿ ಅಷ್ಟರಲ್ಲಿ ಬಿಳಗಿಗೂ ಹೋಗಿತ್ತು. ಕೂರಿ ಅಂದರೂ ಅವರು ಕೂರಲಿಲ್ಲ.

"ನಾಗಪತಿ, ಆನು ಸುತ್ತು ಬಳಸಿ ಮಾತಾಡವ ಅಲ್ಲ. ಜನ ಎಂತೆಂತದೋ ಹೇಳ್ತ. ಯಂಗೆ ಅವರ ಮಾತು ಬ್ಯಾಡ, ನಿನ್ನ ಮಾತು ಬೇಕು. ಕುಡದ್ದಿಲ್ಲೆ ಹೇಳು, ಸೀಮೆ ಎಲ್ಲ ಎದುರು ನಿಂತ್ರೂ ಆನು ನಿನ್ನ ಬದಿಗೆ ನಿಲ್ತೆ. ಆದರೆ ಕಣ್ಣು ಹಿಂಗೆ ಹಳದಿ ಆದ್ದಕ್ಕೆ ಕಾರಣ ಎಂತ? ಅದು ಯಂಗೆ ಗೊತ್ತಾಗವು. ನೀನು ಹೇಳದಿದ್ರೆ ಈಗಲೇ ಆ ಡಾಕ್ಟ್ರ ಹತ್ರ ಹೋಗಿ ಕೇಳ್ಕಂಡು ಬತ್ತೆ."

ನನಗೆ ಮಾತು ಬಾಯಿ ತುದಿಗೆ ಬಂದಾಗಿತ್ತು. ಹೇಳಿಬಿಡಬೇಕು. ನನ್ನ ಗಂಡ ಕುಡುಕ ಅಲ್ಲ, ತಪ್ಪೆಲ್ಲ ನನ್ನದು, ನನಗೆ ಬೇಕಾದ ಶಿಕ್ಷೆ ಕೊಡಿ ಅಂತ ಕಾಲು ಹಿಡೀಬೇಕು. "ಹೆಗಡೇರೆ, ಇವರು ಕುಡಿಯೋದಿಲ್ಲೆ. ಅದು ಆನು..."

"ಪರಿಮಳಾ, ಸುಮ್ನಿರು" ಅಂದರು ಇವರು. ಮದುವೆಯಾದಾಗಿನಿಂದ ಆ ದನಿ ನಾನು ಕೇಳಿರಲಿಲ್ಲ. ಎದ್ದು ನಿಂತರು. ಹೆಗಡೇರ ಮುಖ ನೋಡಿಯೇ ಹೇಳಿದರು, "ಹೌದು ಹೆಗಡೇರೆ. ಆನು ಕುಡೀತಿದ್ದಿದ್ದಿ."

ಹೆಗಡೇರು ಇವರ ರಟ್ಟೆ ಹಿಡಿದರು. ಸಿಟ್ಟಿನಿಂದ ಅಲ್ಲ, ಹೆದರಿ. "ಆಯಿ ತಿಥಿ ದಿನ? ಆ ದಿನವೂ?"

"ಇಲ್ಲೆ. ತಿಥಿ ಅಡಿಗೆ ಇದ್ದ ದಿನ, ಅದರ ಹಿಂದಿನ ದಿನ, ಹೆಂಡ ಮುಟ್ಟಿದ್ದಿಲ್ಲೆ. ದೇವರಾಣೆ."

ಹೆಗಡೇರು ದೊಡ್ಡ ಉಸಿರು ಬಿಟ್ಟರು. ಆಮೇಲೆ ಬೈದರು. ಹೇಗೆ ಬೈದರು ಅಂತ ಇಲ್ಲಿ ಹೇಳೋದು ಬೇಡ. ನಂಬಿದ ಮನುಷ್ಯನಿಗೆ ಮೋಸ ಆದರೆ ಹೇಗೆ ಬೈಬೇಕೋ ಹಾಗೆ ಬೈದರು. ನಾನು ಕೊಟ್ಟ ನೀರಿನ ಲೋಟ ಮುಟ್ಟದೇ ಹೋದರು. ಇವರು ತಲೆ ತಗ್ಗಿಸಿ ನಿಂತಿದ್ದರು.

ಜೀಪು ಹೋದಮೇಲೆ ನಾನು ಬಾಯಿ ಬಡ್ಕೊಂಡೆ. "ಎಂತಕ್ಕೆ ಹಾಂಗೆ ಹೇಳಿದ್ರಿ? ಮಾಡಿದ್ದು ಆನು. ಯನ್ನ ಹೆಸರು ಹೇಳಿದ್ರೆ ಆಗ್ತಿತ್ತಿಲ್ಯಾ?"

"ನಿನ್ನ ಹೆಸರು ಹೇಳಿದ್ರೆ ಮೀನಿನ ಹೆಸರೂ ಹೇಳವಾಗ್ತು" ಅಂದರು. "ಕುಡುಕ ಅಂದ್ರೆ ಹಾಳಾಗದು ಆನು ಒಬ್ಬ. ಮೀನು ಅಂದ್ರೆ ಇಪ್ಪತ್ತೆಂಟು ಮನೆ. ಹೆಗಡೇರ ಆಯಿ ಹಸಿದುಕೊಂಡು ಸತ್ತಿದ್ದು, ನಿಂಗೂ ಗೊತ್ತಿದ್ದಲೆ. ಉಂಡು ಎದ್ದು ಹೋದವರನ್ನ ಮತ್ತೆ ಉಪವಾಸ ಕೂರ್ಸದು ಬ್ಯಾಡ."

ಆಮೇಲೆ ಯಾರೂ ಕರೆಯಲಿಲ್ಲ. ಪಾತ್ರೆ, ಕೊಪ್ಪರಿಗೆ ಮಾರಿದೆವು. ಇವರು ಒಂದು ಕಿರಾಣಿ ಅಂಗಡಿಯಲ್ಲಿ ಸಾಮಾನು ಕಟ್ಟಲಿಕ್ಕೆ ನಿಂತರು. ದಿನಾ ಬೆಳಿಗ್ಗೆ ಬಿಸಿಲಿನಲ್ಲಿ ಕೆರೆಯವರೆಗೆ ನಡೆದು ಬರ್ತಿದ್ದರು. ಜನ ನೋಡಿದರೂ ತಲೆ ಕೆಡಿಸಿಕೊಳ್ತಿರಲಿಲ್ಲ, ನೋಡೋದು ಇನ್ನೆಂತ ಉಳಿದಿತ್ತು? ಸಿಹಿ ಬಿಟ್ಟರು, ಇಂಜೆಕ್ಷನ್ ಬಿಡದೇ ತಗೊಂಡರು. ಆರು ತಿಂಗಳಿಗೆ ಕಣ್ಣು ಬಿಳಿ ಆಯ್ತು. ಒಂದೂವರೆ ವರ್ಷಕ್ಕೆ ಸ್ಕ್ಯಾನಿಂಗ್ ಮಾಡಿ ವಿನೋದಾ ಡಾಕ್ಟ್ರು "ಭೇಷ್ ಭಟ್ಟರ, ಕೊಬ್ಬು ಭಾಳ ಇಳದೇದ" ಅಂದರು. ಯಾರ ಮುಖಕ್ಕೆ ಹಿಡೀಬೇಕು ಅಂತ ನಾನು ಕನಸು ಕಂಡಿದ್ದೆನೋ, ಆ ಕಾಗದ ಕೈಯಲ್ಲಿತ್ತು. ಊರಿನವರು ಅದಕ್ಕೂ ಒಂದು ಮಾತು ಇಟ್ಟುಕೊಂಡಿದ್ದರು. "ಕುಡಿಯೋದು ಬಿಟ್ಟಿರಿ, ಲಿವರ್ ಸರಿಯಾಯ್ತು ನೋಡಿ ಭಟ್ರೇ." ಇವರು "ಹೌದು, ಬಿಟ್ಟೆ" ಅಂತ ಹೇಳಿ ಸಾಮಾನು ಕಟ್ಟಿ ಕೊಡ್ತಿದ್ದರು.

ಹೋದ ವರ್ಷ ಒಂದು ಮಧ್ಯಾಹ್ನ ದಾಸನಕೊಪ್ಪದಿಂದ ಒಬ್ಬ ಹೆಂಗಸು ನಮ್ಮ ಮನೆ ಕೇಳ್ಕೊಂಡು ಬಂದಳು. ಮೂವತ್ತು ವರ್ಷ ಇರಬಹುದು. ಗುರುತು ಪರಿಚಯ ಇಲ್ಲ. ಕೆನ್ನೆ ಮೇಲೆ ಹೊಡೆತದ ಗುರುತು ಇತ್ತು. ಬಂದವಳೇ ನನ್ನ ಎರಡೂ ಕೈ ಹಿಡ್ಕೊಂಡಳು.

"ಅಕ್ಕಾರ, ನನ್ನ ಗಂಡ ಮುಂಜಾನಿಂದ ಕುಡೀತಾನ್ರಿ. ಲಿವರ್ ಹೋಗೇತಿ ಅಂದಾರ. ನಿಮ್ಮ ಯಜಮಾನರೂ ಹಂಗ ಇದ್ದರಂತ, ನೀವು ಬಿಡಿಸಿದ್ರಂತ. ಹೆಂಗ ಬಿಡಿಸಿದ್ರಿ? ನನಗೂ ಹೇಳ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೀನಿ."

ಒಬ್ಬರ ಮಾತು ಪೂರ್ತಿ ಮುಗಿಯೋವರೆಗೆ ನಾನು ಸುಮ್ಮನೆ ಕೂತು ಕೇಳಿದ್ದು ಅದೇ ಮೊದಲು. ಹೇಳಲಿಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ವಿನೋದಾ ಡಾಕ್ಟ್ರ ವಿಳಾಸ ಕೊಟ್ಟೆ, ನಾಳೆ ನಾನೇ ಜೊತೆಗೆ ಬರ್ತೇನೆ ಅಂದೆ. ಅವಳು ನನ್ನ ಹೆಗಲಿಗೆ ತಲೆ ಇಟ್ಟು ಅಳಲಿಕ್ಕೆ ಶುರು ಮಾಡಿದಳು. ನನಗೂ ತಡೀಲಿಕ್ಕೆ ಆಗಲಿಲ್ಲ. ನಾವಿಬ್ಬರೂ ಒಂದೇ ದುಃಖಕ್ಕೆ ಅಳ್ತಿದ್ದೇವೆ ಅಂತ ಅವಳು ತಿಳ್ಕೊಂಡಳು.